ಮನೆ ಒಡೆಯಿತು ಎಂದು ಬರೆದೆ, ಒಡೆದವರು ಯಾರು?

ತುಮಕೂರು

ಪ್ರಿಯ ತಮ್ಮನಿಗೆ,

ಆಶೀರ್ವಾದಗಳು. ನಿನ್ನ ಕಥೆ ತಲುಪಿತು, ಓದಿದೆ. ತಿಪಟೂರು ಸೀಮೆಯ ತೋಟದ ಮನೆ, ಇಬ್ಬರು ಅಣ್ಣತಮ್ಮಂದಿರು, ಅಟ್ಟದ ತುಂಬ ಕಾಯಿ, ಕೊನೆಗೆ ಪಾಲು. ಮನೆಯ ಒಳಹೊರಗು ನಿನಗೆ ಚೆನ್ನಾಗಿ ಗೊತ್ತು. ಅಜ್ಜಿ ಬಾಯಿ ತೆರೆದಲ್ಲೆಲ್ಲ ಕಥೆಗೆ ಜೀವ ಬರುತ್ತದೆ. ಹೊಗಳಿಕೆ ಇಷ್ಟು ಸಾಕು. ‘ಮೇಷ್ಟ್ರೇ, ಕಡ್ಡಿ ಮುರಿದ ಹಾಗೆ ಹೇಳಿ’ ಎಂದು ನೀನೇ ಕೇಳಿಕೊಂಡಿದ್ದೀಯ.

ನಿನ್ನ ಕಥೆಯಲ್ಲಿ ಎಲ್ಲವೂ ಛಿದ್ರವಾಗುತ್ತದೆ. ಅಪ್ಪನ ಕನಸು ಛಿದ್ರ, ಗೋಡೆಯ ಕನ್ನಡಿ ಛಿದ್ರ, ಅಮ್ಮನ ಹೃದಯ ಛಿದ್ರಛಿದ್ರ, ಮಳೆಗಾಲದಲ್ಲಿ ಊರ ಕೆರೆಯ ಏರಿಯೂ ಛಿದ್ರ. ಛಿದ್ರ ಎಂಬುದು ಸಂಸ್ಕೃತದ ‘ಛಿದ್’ ಧಾತುವಿನಿಂದ ಬಂದದ್ದು. ಆ ಧಾತುವಿಗೆ ಕತ್ತರಿಸು ಎಂದು ಅರ್ಥ. ಛಿದ್ರವೆಂದರೆ ಮೊದಲಿಗೆ ತೂತು, ಸಂದು, ಕುಂದು. ಇನ್ನೊಬ್ಬರ ಕುಂದನ್ನೇ ಹುಡುಕುತ್ತ ಕೂರುವವನನ್ನು ಛಿದ್ರಾನ್ವೇಷಿ ಎನ್ನುವುದು ಅದಕ್ಕೇ. ಚೂರುಚೂರಾಗುವ ಅರ್ಥದಲ್ಲಿಯೂ ಈಗ ಅದು ಕನ್ನಡದಲ್ಲಿ ನೆಲೆಯೂರಿದೆ, ಅದರ ಬಗ್ಗೆ ನನ್ನ ಜಗಳವಿಲ್ಲ. ಆ ಪದ ಬಂದ ಕಡೆಯೆಲ್ಲ ನೀನು ವಸ್ತುವನ್ನು ನೋಡುವುದನ್ನೇ ನಿಲ್ಲಿಸಿದ್ದೀಯ, ನನ್ನ ತಕರಾರು ಅದು. ಕನ್ನಡಿಯೂ ಕೆರೆಯೂ ಒಂದೇ ರೀತಿ ಹಾಳಾಗುವುದಿಲ್ಲವಲ್ಲ!

ಇಡೀ ಕಥೆಯಲ್ಲಿ ಮನೆಯ ಬಗ್ಗೆ ‘ಒಡೆ’ ಎಂಬ ಮಾತು ಬರುವುದು ಎರಡೇ ಕಡೆ. ಆ ಎರಡು ಕಡೆಯೇ ನನ್ನನ್ನು ಹಿಡಿದು ನಿಲ್ಲಿಸಿದವು. ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ಆ ಪದವನ್ನೇ ಸ್ವಲ್ಪ ನೋಡೋಣ.

ನಮ್ಮಲ್ಲಿ ಮಡಕೆ ಒಡೆಯುತ್ತದೆ, ಮೊಟ್ಟೆ ಒಡೆಯುತ್ತದೆ, ತಲೆ ಒಡೆಯುತ್ತದೆ. ಇವು ಸರಿ, ಕಣ್ಣಿಗೆ ಕಾಣುವಂಥವು. ಹಾಲೂ ಒಡೆಯುತ್ತದೆ. ಹುಳಿ ಸೋಕಿದ ಹಾಲು ನೀರು ಬೇರೆ ಗಸಿ ಬೇರೆಯಾಗಿ ನಿಂತಾಗ ಹಾಗೆನ್ನುತ್ತೇವೆ. ಅದೇ ಹಾಲು ಹೆಪ್ಪು ಹಾಕಿಸಿಕೊಂಡು ಮೊಸರಾದರೆ ಯಾರೂ ಒಡೆಯಿತು ಎನ್ನುವುದಿಲ್ಲ. ಹುಡುಗನ ದನಿ ಒಡೆಯುತ್ತದೆ. ಚಳಿಗಾಲದಲ್ಲಿ ತುಟಿ, ಹಿಮ್ಮಡಿ ಒಡೆಯುತ್ತವೆ. ಒಗಟು ಒಡೆಯುತ್ತೇವೆ, ಗುಟ್ಟು ಒಡೆಯುತ್ತದೆ, ಬೇಳೆ ಮಾಡಲು ಕಾಳು ಒಡೆಸುತ್ತೇವೆ. ಇನ್ನೊಂದು ಕಡೆ ಬೀಜ ಮೊಳಕೆಯೊಡೆಯುತ್ತದೆ, ಮರ ಚಿಗುರೊಡೆಯುತ್ತದೆ, ದಾರಿ ಕವಲೊಡೆಯುತ್ತದೆ, ಬುಡದಲ್ಲಿ ಮರಿಪೈರು ಹೊರಟು ರಾಗಿ ತೆಂಡೆಯೊಡೆಯುತ್ತದೆ. ಹಾಳಾಗುವುದಕ್ಕೂ ಹುಟ್ಟುವುದಕ್ಕೂ ಒಂದೇ ಕ್ರಿಯಾಪದ. ಇದನ್ನು ಕಂಡು ಆಹಾ ಎಂದು ತತ್ವ ಬರೆಯಲು ಹೊರಡಬೇಡ. ಹೊಲದಲ್ಲಿ ರಾಗಿ ತೆಂಡೆಯೊಡೆದಿದೆ ಎನ್ನುವವನು ತತ್ವ ಹೇಳುತ್ತಿಲ್ಲ, ಬೆಳೆ ಹೇಗಿದೆ ಎಂದು ಹೇಳುತ್ತಿದ್ದಾನೆ.

ಒಡೆಯುವ ವಸ್ತುವಿಗೆ ಒಂದು ಒಳಗು ಇರುತ್ತದೆ ಎಂಬುದನ್ನು ಗಮನಿಸು. ಮಡಕೆ, ಕಾಯಿ, ತಲೆ, ಕೆರೆ, ಗುಟ್ಟು, ಕಾಳು. ಹೊರಗಿನ ಗೋಡೆ ಬಿಟ್ಟುಕೊಡುತ್ತದೆ, ಒಳಗಿನದು ಹೊರಗೆ ಬರುತ್ತದೆ. ‘ಮುರಿ’ ಹಾಗಲ್ಲ. ಮುರಿಯುವುದಕ್ಕೆ ಉದ್ದ ಬೇಕು, ಬಿಗಿ ಬೇಕು: ಕೊಂಬೆ, ಕಡ್ಡಿ, ಕೈಕಾಲು, ಸೊಂಟ. ಬಸ್ಸಿನಿಂದ ಬಿದ್ದವನ ಕೈ ಮುರಿಯುತ್ತದೆ, ತಲೆ ಒಡೆಯುತ್ತದೆ. ತಲೆ ಮುರಿಯಿತು, ಕೈ ಒಡೆಯಿತು ಎಂದು ಹೇಳುವ ಕನ್ನಡಿಗನನ್ನು ನಾನು ಕಂಡಿಲ್ಲ. ಮುರಿಯ ವ್ಯಾಪಾರವೂ ದೊಡ್ಡದೇ. ಮೈ ಮುರಿಯುತ್ತೇವೆ, ದೃಷ್ಟಿ ತೆಗೆದು ನಟಿಕೆ ಮುರಿಯುತ್ತೇವೆ, ಐನೂರರ ನೋಟು ಮುರಿಸುತ್ತೇವೆ, ಕೊಟ್ಟ ಮುಂಗಡವನ್ನು ಕೂಲಿಯಲ್ಲಿ ಮುರಿದುಕೊಳ್ಳುತ್ತೇವೆ. ‘ಸೀಳು’ ಎಳೆಯ ಜಾಡು ಹಿಡಿದು ಹೋಗುತ್ತದೆ: ಬಿದಿರು, ಸೌದೆ, ಬಾಳೆಯೆಲೆ. ‘ಬಿರಿ’ ತನ್ನಷ್ಟಕ್ಕೆ ತಾನೇ ಆಗುವಂಥದ್ದು. ನೆಲ ಬಿರಿಯುತ್ತದೆ, ಮಲ್ಲಿಗೆ ಬಿರಿಯುತ್ತದೆ, ಆದರೆ ಮಲ್ಲಿಗೆಯನ್ನು ಯಾರೂ ಬಿರಿಯಲಾರರು.

‘ಹರಿ’ಯಲ್ಲಿ ಒಂದು ತಮಾಷೆ ಇದೆ. ಬಟ್ಟೆ ಹರಿಯಿತು, ನೀರು ಹರಿಯಿತು. ನೋಡಲು ಒಂದೇ, ಮೂಲದಲ್ಲಿ ಎರಡು. ಹಳಗನ್ನಡದಲ್ಲಿ ನೀರಿನದು ‘ಪರಿ’, ಬಟ್ಟೆಯದು ‘ಪಱಿ’. ಶಕಟರೇಫ ಎಂದು ಕರೆಯುತ್ತಿದ್ದ ಆ ಱ ಅಕ್ಷರ ಬಳಕೆ ತಪ್ಪಿದ ಮೇಲೆ, ಪಕಾರ ಹಕಾರವಾದ ಮೇಲೆ, ಎರಡೂ ‘ಹರಿ’ ಎಂದೇ ಉಳಿದವು. ಮುರಿ ಕೂಡ ಒಂದು ಕಾಲಕ್ಕೆ ‘ಮುಱಿ’ಯೇ.

ನಮ್ಮ ಕಡೆಯ ಕೆಲಸಗಾರರ ಮಾತು ಕೇಳಿದರೆ ಈ ಭೇದಗಳು ಇನ್ನೂ ನಿಚ್ಚಳ. ಕೋಲಾರ, ಚಿಕ್ಕಬಳ್ಳಾಪುರದ ಬಂಡೆಗಳ ಹತ್ತಿರ ಹೋಗಿ ನೋಡು. ಕಲ್ಲಿನ ಮೇಲೆ ಒಂದೇ ಸಾಲಿನಲ್ಲಿ ಸಣ್ಣ ಗುಳಿ ತೋಡಿ, ಅದರಲ್ಲಿ ಕಬ್ಬಿಣದ ಬೆಣೆ ಕೂರಿಸಿ, ಈ ತುದಿಯಿಂದ ಆ ತುದಿಗೆ ಸರದಿಯಂತೆ ಸುತ್ತಿಗೆಯ ಪೆಟ್ಟು ಹಾಕುತ್ತ ಹೋಗುತ್ತಾರೆ. ಅವಸರ ಮಾಡುವುದಿಲ್ಲ. ಪೆಟ್ಟಿನ ಸದ್ದು ಬದಲಾಗುವುದನ್ನು ಕಿವಿಯಲ್ಲೇ ಅಳೆಯುತ್ತಾರೆ. ಬಂಡೆ ಗೆರೆ ಎಳೆದ ಹಾಗೆ ಸೀಳಿ ಚಪ್ಪಡಿ ಏಳುತ್ತದೆ. ಅಲ್ಲೇ ಪಕ್ಕದಲ್ಲಿ ಜಲ್ಲಿ ಮಾಡುವವರು ಕಲ್ಲು ಒಡೆಯುತ್ತಿರುತ್ತಾರೆ. ಕಲ್ಲು ಅದೇ, ಸುತ್ತಿಗೆಯೂ ಹೆಚ್ಚುಕಡಿಮೆ ಅದೇ. ಚಪ್ಪಡಿಗೆ ಸೀಳು, ಜಲ್ಲಿಗೆ ಒಡೆ.

ನಿಮ್ಮ ತಿಪಟೂರಿನದೇ ತೆಗೆದುಕೊ. ಕಾಯಿಯನ್ನು ಅಟ್ಟದಲ್ಲಿ ವರ್ಷದ ಹತ್ತಿರ ಹತ್ತಿರ ಇಡುತ್ತೀರಿ. ಒಳಗಿನ ನೀರು ಇಂಗಿ, ತಿರುಳು ಚಿಪ್ಪನ್ನು ಬಿಟ್ಟು, ಅಲ್ಲಾಡಿಸಿದರೆ ಲೊಡಲೊಡ ಎನ್ನುತ್ತದೆ. ಆಮೇಲೆ ಸಿಪ್ಪೆ ಸುಲಿದು, ಮಚ್ಚಿನ ಬೆನ್ನಿನಿಂದ ತಟ್ಟಿ ಚಿಪ್ಪು ಒಡೆಯುತ್ತಾರೆ. ಚಿಪ್ಪು ಒಡೆಯಬೇಕು, ಒಳಗಿನ ಉಂಡೆ ಕೊಬ್ಬರಿ ಒಡೆಯಬಾರದು. ಹೋಳಾದರೆ ಬೆಲೆ ಬಿತ್ತು. ಎಷ್ಟು ಬಲ ಹಾಕಬೇಕು ಎಂಬುದು ಅವರ ಮಣಿಕಟ್ಟಿಗೆ ಗೊತ್ತು. ನಿನ್ನ ಕಥೆಯಲ್ಲಿ ಅಣ್ಣತಮ್ಮಂದಿರು ಅಟ್ಟದ ಕೆಳಗೆ ನಿಂತು ಜಗಳವಾಡುವ ದೃಶ್ಯವಿದೆ. ಅಲ್ಲಿ ಕೊಬ್ಬರಿ ಸುಲಿಯುವವರು ಕೆಲಸ ಮಾಡುತ್ತಲೇ ಇದ್ದಾರೆ, ಆದರೆ ನೀನು ಅವರ ಕೈಯನ್ನು ಒಂದು ಸಲವೂ ತೋರಿಸಿಲ್ಲ. ‘ಸಂಬಂಧಗಳು ಛಿದ್ರಗೊಂಡವು’ ಎಂಬ ವಾಕ್ಯವನ್ನು ಹೊಡೆದುಹಾಕಿ ಆ ಕೈಯನ್ನು ತೋರಿಸು. ಹೋಳಾದ ಕೊಬ್ಬರಿ ಒಂದು ಪಕ್ಕಕ್ಕೆ ಬೀಳಲಿ, ಅಣ್ಣ ಅದನ್ನು ನೋಡಿ ಕೂಲಿಯವನನ್ನು ಗದರಲಿ. ಸಾಕು.

ಈಗ ಮೂಲದ ವಿಚಾರ. ನಿನ್ನ ಪತ್ರದಲ್ಲಿ ‘ಒಡೆಯ ಎಂದರೆ ಒಡೆಯುವವನು ತಾನೇ, ಅದಕ್ಕೇ ಅಣ್ಣನ ಪಾತ್ರವನ್ನು ಎಲ್ಲರೂ ಒಡೆಯ ಎಂದು ಕರೆಯುವ ಹಾಗೆ ಮಾಡಿದೆ’ ಎಂದು ಸಂಭ್ರಮದಿಂದ ಬರೆದಿದ್ದೀಯ. ಜಾಣತನವೇನೋ ಸರಿ, ವ್ಯುತ್ಪತ್ತಿ ತಪ್ಪು. ನಮ್ಮ ‘ಒಡೆ’ಗೆ ತಮಿಳಿನಲ್ಲಿ ‘ಉಡೈ’ ಎನ್ನುತ್ತಾರೆ. ತಮಿಳಿನ ಉಕಾರ ಇಂಥ ಕಡೆ ಕನ್ನಡದಲ್ಲಿ ಒಕಾರವಾಗುವುದು, ಕೊನೆಯ ಐಕಾರ ಎಕಾರವಾಗುವುದು ನಿಯಮದಂತೆ ನಡೆದಿದೆ: ಪುಗೈ ಹೊಗೆ, ಕುಡೈ ಕೊಡೆ, ತುಡೈ ತೊಡೆ. ಕೆ.ಜಿ.ಎಫ್. ಕಡೆಯ ಯಾವ ಹುಡುಗನನ್ನು ಕೇಳಿದರೂ ಎರಡು ಭಾಷೆಯನ್ನೂ ಪಕ್ಕಪಕ್ಕದಲ್ಲಿಟ್ಟು ಹೇಳಿಯಾನು. ಆದರೆ ತಮಿಳಿನಲ್ಲಿ ಇನ್ನೊಂದು ಉಡೈ ಇದೆ, ಹೊಂದಿರು ಎಂಬ ಅರ್ಥದ್ದು. ನಮ್ಮ ಒಡೆಯ ಬಂದದ್ದು ಆ ಬಳಗದಿಂದ. ಒಡವೆಯೂ ಅದೇ ಬಳಗದ್ದು. ಒಡೆಯ ಎಂದರೆ ಉಳ್ಳವನು, ಆಸ್ತಿ ಇರುವವನು. ಮೈಸೂರಿನ ಒಡೆಯರು ಏನನ್ನೂ ಒಡೆದು ಆ ಹೆಸರು ಪಡೆದವರಲ್ಲ.

ಇದಲ್ಲದೆ ಜೊತೆ ಎಂಬ ಅರ್ಥದ ‘ಒಡ’ ಒಂದಿದೆ, ತಮಿಳಿನ ‘ಉಡನ್’. ಒಡನೆ, ಒಡನಾಡಿ, ಒಡಹುಟ್ಟಿದವರು, ಒಡಂಬಡಿಕೆ ಎಲ್ಲ ಅದರ ಕುಟುಂಬ. ಕಿಟೆಲ್ ಪಾದ್ರಿಗಳು 1894ರಲ್ಲಿ ಮಂಗಳೂರಿನಲ್ಲಿ ಅಚ್ಚು ಹಾಕಿಸಿದ ನಿಘಂಟನ್ನು ತೆರೆದರೆ ಈ ಒಡ, ಒಡೆ, ಒಡೆಯ ಎಲ್ಲ ಹತ್ತಿರ ಹತ್ತಿರವೇ ಕೂತಿರುತ್ತವೆ. ಒಡಹುಟ್ಟಿದವರು ಒಡೆದರು ಎಂದು ಒಂದು ವಾಕ್ಯ ನಿನಗೆ ಈಗಾಗಲೇ ಹೊಳೆದಿರಬೇಕು. ಬರೆಯಬೇಡ. ಅದು ನಿಘಂಟಿನ ಪುಟದಲ್ಲಿ ಆದ ಆಕಸ್ಮಿಕ, ನಿನ್ನ ಪಾತ್ರಗಳ ಬಾಳಿನಲ್ಲಿ ಆದದ್ದಲ್ಲ. ಒಂದು ಪದ ಎಲ್ಲಿಂದ ಬಂತು ಎಂದು ತಿಳಿದಿರುವುದು ಬರಹಗಾರನಿಗೆ ಒಳ್ಳೆಯದು, ಪ್ರದರ್ಶನಕ್ಕೆ ಇಡುವುದು ಅಷ್ಟು ಒಳ್ಳೆಯದಲ್ಲ.

ಕಾಗುಣಿತದ್ದೊಂದು ಮಾತು. ನಮ್ಮ ತುಮಕೂರಿನ ಕಡೆ ಆಡುಮಾತಿನಲ್ಲಿ ಹಕಾರ ನಿಲ್ಲುವುದಿಲ್ಲ; ಹಾಲು ಆಲಾಗುತ್ತದೆ, ಹೊಡೆ ಒಡೆಯಾಗುತ್ತದೆ. ಅದರಿಂದ ಬರೆಯುವಾಗ ಎರಡು ತರಹದ ತಪ್ಪು ಬರುತ್ತದೆ. ಕೆಲವರು ‘ಕೆನ್ನೆಗೆ ಒಡೆದ’ ಎಂದು ಬರೆಯುತ್ತಾರೆ. ಇನ್ನು ಕೆಲವರು ಅತಿ ಎಚ್ಚರದಿಂದ ‘ಮಡಕೆ ಹೊಡೆದುಹೋಯಿತು’ ಎಂದು ಬರೆಯುತ್ತಾರೆ. ನಿನ್ನದು ಎರಡನೆಯ ಪಂಗಡ, ಏಳನೆಯ ಪುಟ ನೋಡು. ಭತ್ತದ ಗದ್ದೆಯಲ್ಲಿ ಈ ಎರಡೂ ಪಕ್ಕಪಕ್ಕದಲ್ಲೇ ಸಿಗುತ್ತವೆ: ಪೈರು ಹೊಡೆಗೆ ಬರುತ್ತದೆ, ಅಂದರೆ ತೆನೆ ಇನ್ನೂ ಒಳಗೇ ಉಬ್ಬಿರುತ್ತದೆ, ಆಮೇಲೆ ಹೊಡೆ ಒಡೆದು ತೆನೆ ಹೊರಡುತ್ತದೆ. ಇದನ್ನು ನೆನಪಿಟ್ಟುಕೊಂಡರೆ ಮತ್ತೆ ತಪ್ಪಲಾರದು.

ಕನ್ನಡಿ ಒಡೆದ ದಿನ ಅಮ್ಮನ ಕೈಬಳೆಯೂ ಒಡೆಯಿತು ಎಂದು ಬರೆದಿದ್ದೀಯ. ನಿರೂಪಕನ ಮಾತಾದರೆ ಇರಲಿ. ಆದರೆ ಅದನ್ನು ಅಜ್ಜಿಯ ಬಾಯಲ್ಲಿ ಹೇಳಿಸಿದ್ದೀಯ, ಅದು ಸಲ್ಲದು. ಆ ವಯಸ್ಸಿನ ಹೆಂಗಸಿನ ಬಾಯಲ್ಲಿ ಬಳೆ ‘ಹೆಚ್ಚಿತು’ ಎಂದು ಬರುತ್ತದೆ, ಒಡೆಯಿತು ಎಂದು ಬರುವುದಿಲ್ಲ. ಕೋಲಾರದ ತೆಲುಗು ಮನೆಗಳಲ್ಲೂ ಇದೇ ಅರ್ಥದ ಮಾತಿದೆ. ಅಪಶಕುನದ ಮಾತನ್ನು ಆಡಬಾರದೆಂದು ಅದರ ತಿರುವನ್ನೇ ಆಡುವ ಪದ್ಧತಿ. ಆ ಒಂದು ಪದದಿಂದ ಅಜ್ಜಿಯ ಭಯ ಓದುಗನಿಗೆ ತಲುಪುತ್ತದೆ.

ಈಗ ನಾನು ಹೇಳಬೇಕಾದ ಮುಖ್ಯ ಮಾತು. ಮನೆಯ ಬಗ್ಗೆ ‘ಒಡೆ’ಯನ್ನು ನೀನು ಎರಡು ಕಡೆ ಬಳಸಿದ್ದೀಯ ಎಂದೆನಲ್ಲ. ಮೂರನೆಯ ಪುಟದಲ್ಲಿ ನಿರೂಪಕ ಹೇಳುತ್ತಾನೆ: ‘ಆ ವರ್ಷ ಮನೆ ಒಡೆಯಿತು.’ ಹನ್ನೊಂದನೆಯ ಪುಟದಲ್ಲಿ ಅಜ್ಜಿ ಹೇಳುತ್ತಾಳೆ: ‘ಚಿಕ್ಕ ಸೊಸೆ ಬಂದು ಮನೆ ಒಡೆಸಿದಳು.’ ಇವೆರಡರ ನಡುವೆ ನಿನ್ನ ಇಡೀ ಕಥೆ ಇದೆ, ನಿನಗೇ ಗೊತ್ತಾಗಿಲ್ಲ.

ತಮಿಳಿನಲ್ಲಿ ತಾನೇ ಒಡೆದರೆ ಉಡೈಂದದು, ಒಬ್ಬ ಒಡೆದರೆ ಉಡೈತ್ತಾನ್. ಕ್ರಿಯಾಪದದ ರೂಪವೇ ಬೇರೆ, ಕೇಳಿದ ಕೂಡಲೇ ಮಾಡಿದವನೊಬ್ಬ ಇದ್ದಾನೆಂದು ತಿಳಿಯುತ್ತದೆ. ಕನ್ನಡದ ‘ಒಡೆ’ಯಲ್ಲಿ ಈ ಗೆರೆ ಅಳಿಸಿಹೋಗಿದೆ. ಮಡಕೆ ಒಡೆದಿದೆ, ಅವನು ಮಡಕೆ ಒಡೆದಿದ್ದಾನೆ. ಎರಡಕ್ಕೂ ಒಂದೇ ‘ಒಡೆದು’. ಮುರಿ, ಹರಿ, ಸೀಳು ಇವೂ ಹೀಗೆಯೇ. ಆದ್ದರಿಂದ ಕನ್ನಡದಲ್ಲಿ ಮಾಡಿದವನನ್ನು ವಾಕ್ಯದಿಂದ ಹೊರಗಿಡುವುದು ಬಹಳ ಸುಲಭ. ಕೈತಪ್ಪಿ ಲೋಟ ಬೀಳಿಸಿದ ಮಗು ‘ಲೋಟ ಒಡೆದುಹೋಯಿತು’ ಎಂದೇ ಹೇಳುವುದು. ಆ ‘ಹೋಯಿತು’ ಎಂಬುದರಲ್ಲಿ ಮಗು ಅಡಗಿ ಕೂತಿದೆ. ಒಡೆದುಹಾಕಿದ ಎಂದರೆ ಬೇಕೆಂದೇ ಮಾಡಿದ್ದು, ಒಡೆದುಬಿಟ್ಟ ಎಂದರೆ ಮಾಡಬಾರದ್ದನ್ನು ಮಾಡಿದ್ದು, ತಲೆ ಒಡೆದುಕೊಂಡ ಎಂದರೆ ಪೆಟ್ಟು ಅವನಿಗೇ. ಒಡೆಸಿದಳು ಎಂದರೆ ಕೈ ಬೇರೆಯವರದು, ಕುಮ್ಮಕ್ಕು ಅವಳದು. ಇಷ್ಟು ಸೂಕ್ಷ್ಮವಾದ ತಕ್ಕಡಿ ನಿನ್ನ ಕೈಯಲ್ಲಿರುವಾಗ ಎಲ್ಲದಕ್ಕೂ ‘ಛಿದ್ರ’ ಎಂಬ ಒಂದೇ ಕಲ್ಲನ್ನು ಯಾಕೆ ಹಾಕುತ್ತೀಯ?

ಪತ್ರಿಕೆ ಓದುವಾಗಲೂ ಇದನ್ನು ಗಮನಿಸು. ಪಕ್ಷ ಒಡೆಯಿತು, ಏರಿ ಒಡೆಯಿತು. 2021ರ ನವೆಂಬರಿನ ಮಳೆ ನಿನಗೆ ನೆನಪಿರಬೇಕು, ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳಲ್ಲಿ ಎಷ್ಟೋ ವರ್ಷ ಒಣಗಿದ್ದ ಕೆರೆಗಳು ಕೋಡಿ ಬಿದ್ದವು. ಕೋಡಿ ಬಿದ್ದರೆ ಊರವರು ಗಂಗಾಪೂಜೆ ಮಾಡಿ ಬಾಗಿನ ಬಿಡುತ್ತಾರೆ. ಏರಿ ಒಡೆದರೆ ಮಾತು ಬೇರೆ. ಆಗ ಹೂಳು ತೆಗೆಯದವರು ಯಾರು, ತೂಬು ದುರಸ್ತಿ ಮಾಡದವರು ಯಾರು, ನೀರು ಬರುವ ಕಾಲುವೆ ಒತ್ತಿಕೊಂಡವರು ಯಾರು ಎಂಬುದೆಲ್ಲ ‘ಒಡೆಯಿತು’ ಎಂಬ ಒಂದು ಮಾತಿನ ಕೆಳಗೆ ಮುಚ್ಚಿಹೋಗುತ್ತದೆ. ವರದಿಗಾರನಿಗೆ ಗಡಿಬಿಡಿ ಇರುತ್ತದೆ, ಬಿಡು. ಕಥೆ ಬರೆಯುವವನಿಗೆ ಆ ನೆಪವಿಲ್ಲ.

ಹಾಗಾದರೆ ನಿನ್ನ ಕಥೆಯಲ್ಲಿ ಮನೆ ಒಡೆದವರು ಯಾರು? ಅಜ್ಜಿಯ ತೀರ್ಪು ಸಿದ್ಧವಾಗಿದೆ: ಸೊಸೆ. ನಮ್ಮ ಊರುಗಳಲ್ಲಿ ಈ ತೀರ್ಪು ಹೊಸದೂ ಅಲ್ಲ, ‘ಮನೆಮುರುಕಿ’ ಎಂಬ ಬೈಗುಳವೂ ಸಿದ್ಧವಾಗಿಯೇ ಇದೆ. ಆದರೆ ನೀನೇ ಬರೆದಿರುವ ವಿವರಗಳನ್ನು ನಾನು ಜೋಡಿಸಿ ನೋಡಿದೆ. ತಂದೆ ತೀರಿಕೊಂಡ ಮೇಲೆ ಕೊಬ್ಬರಿ ಮಾರಿದ ಹಣದ ಲೆಕ್ಕವನ್ನು ಅಣ್ಣ ಯಾರಿಗೂ ತೋರಿಸಲಿಲ್ಲ. ತಮ್ಮ ಕೇಳಲೂ ಇಲ್ಲ. ಸೊಸೆ ಕೇಳಿದಳು, ಒಂದೇ ಸಲ, ಎಲ್ಲರ ಎದುರಿಗೆ. ಅಲ್ಲಿಗೆ ಅವಳು ಒಡೆಸಿದವಳಾದಳು. ನಿರೂಪಕನಿಗೆ ಇದೆಲ್ಲ ಗೊತ್ತಿದ್ದೂ ‘ಮನೆ ಒಡೆಯಿತು’ ಎನ್ನುತ್ತಾನೆ. ಅವನು ತಮ್ಮನ ಮಗ ಅಲ್ಲವೇ? ಅಂದರೆ ತನ್ನ ತಾಯಿಯ ಮೇಲೆ ಬಿದ್ದ ಅಪವಾದವನ್ನು ಒಪ್ಪಲೂ ಆರ, ಅಜ್ಜಿಯನ್ನು ಎದುರಿಸಲೂ ಆರ. ಅದಕ್ಕೇ ಕರ್ತೃವಿಲ್ಲದ ವಾಕ್ಯ. ಇದನ್ನು ನೀನು ಗೊತ್ತಿದ್ದು ಮಾಡಿದ್ದರೆ ಭೇಷ್. ಗೊತ್ತಿಲ್ಲದೆ ಮಾಡಿದ್ದರೆ ಈಗ ಗೊತ್ತಾಯಿತಲ್ಲ, ಹಾಗೇ ಇಟ್ಟುಕೊ. ಆದರೆ ಕೊನೆಯ ಪುಟದಲ್ಲಿ ಅವನೇ ಎದ್ದು ನಿಂತು ‘ದೊಡ್ಡಪ್ಪನ ಸ್ವಾರ್ಥ ನಮ್ಮ ಕುಟುಂಬವನ್ನು ಛಿದ್ರಗೊಳಿಸಿತು’ ಎಂದು ಭಾಷಣ ಮಾಡುತ್ತಾನಲ್ಲ, ಅದನ್ನು ತೆಗೆ. ಮೂರನೆಯ ಪುಟದ ‘ಒಡೆಯಿತು’ ಕೊನೆಯ ಪುಟದಲ್ಲಿ ‘ಒಡೆದರು’ ಆದರೆ ಸಾಕು. ಬಹುವಚನ ಯಾರನ್ನು ಮುಟ್ಟುತ್ತದೆ ಎಂದು ಓದುವವರು ಲೆಕ್ಕ ಹಾಕಲಿ.

ಸಂಸ್ಕೃತದ ಪದಗಳನ್ನೇ ಬಿಡು ಎಂದು ನಾನು ಹೇಳುತ್ತಿದ್ದೇನೆಂದು ತಿಳಿಯಬೇಡ. ಅಂಥ ಮಡಿವಂತಿಕೆ ನನಗಿಲ್ಲ. ಒಡೆ ಎಂಬ ಅರ್ಥದ ‘ಭಿದ್’ನಿಂದ ಭೇದ, ಭಿನ್ನ ಬಂದವು, ಗೋಡೆ ಎಂಬ ಅರ್ಥದ ಭಿತ್ತಿಯೂ ಬಂತು, ಹೊಟ್ಟೆ ಕೆಟ್ಟಾಗ ಆಗುವ ಭೇದಿಯೂ ಅದೇ ವಂಶದ್ದು. ಶಾಲೆಯಲ್ಲಿ ಕಲಿತ ಭಿನ್ನರಾಶಿ ಎಂದರೆ ಒಡೆದ ಸಂಖ್ಯೆ. ಖಂಡಿತ ಎಂದರೆ ತುಂಡಾದದ್ದು. ‘ಖಂಡಿತ ಬರುತ್ತೇನೆ’ ಎನ್ನುವಾಗ ಕಡ್ಡಿ ತುಂಡು ಮಾಡಿದ ಹಾಗೆ ಹೇಳುತ್ತಿದ್ದೇವೆ ಎಂದೇ ಲೆಕ್ಕ. ವ್ಯಾಕರಣ ಎಂಬ ಪದಕ್ಕೂ ಬಿಡಿಸಿ ಬೇರೆ ಮಾಡುವುದು ಎಂದೇ ಮೂಲಾರ್ಥ. ಕೋಲಾರದ ಚಿನ್ನದ ಗಣಿಯಲ್ಲಿ, ನೆಲದಿಂದ ಎರಡು ಕಿಲೋಮೀಟರಿಗೂ ಹೆಚ್ಚು ಆಳದಲ್ಲಿ, 1980ರಿಂದ ಭಾರತ ಮತ್ತು ಜಪಾನಿನ ವಿಜ್ಞಾನಿಗಳು ಪ್ರೋಟಾನ್ ತಾನಾಗಿ ಕ್ಷಯಿಸುತ್ತದೆಯೇ ಎಂದು ಪ್ರಯೋಗ ನಡೆಸಿದರು. ಅಲ್ಲಿ ಕ್ಷಯವೇ ಸರಿಯಾದ ಪದ. ಒಡೆಯುತ್ತದೆಯೇ ಎಂದರೆ ಯಾರೋ ಸುತ್ತಿಗೆ ಹಿಡಿದು ನಿಂತ ಹಾಗೆ ಕೇಳುತ್ತದೆ. ಕೋರ್ಟಿನ ಕಾಗದಕ್ಕೆ ವಿಚ್ಛೇದನವೇ ಬೇಕು. ಹಟ್ಟಿಯ ಜಗಲಿಗೆ ಅದು ಬೇಡ.

ಕಾಗದ ಎಂದಾಗ ನೆನಪಾಯಿತು. ನಿಮ್ಮ ಮನೆಯಲ್ಲಿ ಹಳೆಯ ವಿಭಾಗಪತ್ರವೋ ಪಾಲುಪಟ್ಟಿಯೋ ಇದ್ದರೆ ತೆಗೆದು ನಿಧಾನವಾಗಿ ಓದು. ಎ ಷೆಡ್ಯೂಲ್ ಸ್ವತ್ತು, ಬಿ ಷೆಡ್ಯೂಲ್ ಸ್ವತ್ತು, ಪೂರ್ವಕ್ಕೆ ಇಂಥವರ ಜಮೀನು, ಪಶ್ಚಿಮಕ್ಕೆ ಓಣಿ ಎಂದು ಚಕ್ಕುಬಂದಿ. ಬಾವಿಯ ನೀರು ಯಾರಿಗೆ ಯಾವ ದಿನ, ತಾಯಿಯ ಜೀವನಾಂಶ ಯಾರ ಪಾಲಿಗೆ. ಪಾಲಿಗೆ ಬಂದ, ಹಕ್ಕು ಬಿಟ್ಟುಕೊಟ್ಟ, ಒಪ್ಪಿ ಬರೆದುಕೊಟ್ಟ, ಎಲ್ಲ ಹೀಗೆ ನಯವಾದ ಮಾತು. ಒಡೆ ಎಂಬ ಪದ ಅಂಥ ಕಾಗದದಲ್ಲಿ ಹುಡುಕಿದರೂ ಸಿಗುವುದಿಲ್ಲ. ಆ ಭಾಷೆಯ ನಾಲ್ಕು ಸಾಲು ನಿನ್ನ ಕಥೆಯ ನಡುವೆ ಹಾಗೇ ಬಂದರೆ, ಪಕ್ಕದಲ್ಲಿ ಅಜ್ಜಿಯ ‘ಒಡೆಸಿದಳು’ ಇನ್ನೂ ಜೋರಾಗಿ ಕೇಳುತ್ತದೆ. ಆಸ್ತಿಯ ವಿವರ ಮಾತ್ರ ಬದಲಿಸು, ಇಲ್ಲದಿದ್ದರೆ ನಿಮ್ಮ ನೆಂಟರು ಕಥೆ ಓದಿ ನನ್ನ ಮನೆಗೆ ಬರುತ್ತಾರೆ.

ತಿದ್ದಿದ ಪ್ರತಿಯನ್ನು ಅಂಚೆಯಲ್ಲೇ ಕಳಿಸು, ಮೊಬೈಲಿನಲ್ಲಿ ಓದಲು ನನ್ನ ಕಣ್ಣು ಒಪ್ಪುವುದಿಲ್ಲ. ಅಕ್ಷರ ಸ್ವಲ್ಪ ದೊಡ್ಡದಿರಲಿ, ಸಾಲುಗಳ ನಡುವೆ ಜಾಗ ಬಿಡು. ಬಳೆಯ ಮಾತೊಂದನ್ನು ಬಿಟ್ಟು ಅಜ್ಜಿಯ ಬೇರೆ ಯಾವ ಮಾತಿಗೂ ಕೈಹಾಕಬೇಡ. ದೀಪಾವಳಿ ವಿಶೇಷಾಂಕಕ್ಕೆ ಕಳಿಸುವ ಆತುರ ನಿನಗಿದ್ದರೆ ಈ ವರ್ಷ ಬೇಡ ಎಂಬುದು ನನ್ನ ಅಭಿಪ್ರಾಯ, ಯುಗಾದಿಗೆ ನೋಡೋಣ.

ಇತಿ ನಿನ್ನ
ಮೇಷ್ಟ್ರು